ಕ್ರೈಸ್ತರ ಒಪ್ಪೊತ್ತು: ಚಾರ್ನ್‌ವುಡ್ ಮಠದಿಂದ ಮಂಗಳೂರಿನ ಮನೆಗಳವರೆಗೆ



ಈ ದೇಶದ ಆಸ್ಪತ್ರೆಗಳಲ್ಲಿ ಬಹುಕಾಲ ದುಡಿದ ನಮ್ಮಂಥ ವೈದ್ಯರ ಕಣ್ಣಿಗೆ ಒಂದು ಸಂಗತಿ ಬೀಳದೆ ಇರದು. ಶುಕ್ರವಾರ ಬಂತೆಂದರೆ ಕ್ಯಾಂಟೀನಿನ ಫಲಕದ ಮೇಲೆ ಮೀನು ಮತ್ತು ಚಿಪ್ಸ್ ತಪ್ಪದೆ ಕಾಣಿಸಿಕೊಳ್ಳುತ್ತದೆ. ಶಾಲೆಗಳಲ್ಲಿಯೂ ಅದೇ ಕ್ರಮ. ಫೆಬ್ರವರಿಯಲ್ಲೋ ಮಾರ್ಚಿನಲ್ಲೋ ಒಂದು ಮಂಗಳವಾರ ನಮ್ಮ ಮಕ್ಕಳು ಪ್ಯಾನ್‌ಕೇಕ್ ಬೇಕೆಂದು ಹಟ ಹಿಡಿಯುತ್ತಾರೆ. ಆ ಪ್ಯಾನ್‌ಕೇಕ್ ಯಾವ ವ್ರತದ ಮುನ್ನಾದಿನದ ಭೋಜನವೆಂದು ಕೇಳಿದರೆ ಮಕ್ಕಳಿಗಿರಲಿ, ಅವರ ಉಪಾಧ್ಯಾಯರಲ್ಲಿಯೂ ಎಷ್ಟೋ ಮಂದಿಗೆ ತಿಳಿಯದು. ನಾಳೆಯಿಂದ ನಲವತ್ತು ದಿನ ಮೊಟ್ಟೆ, ಹಾಲು, ಬೆಣ್ಣೆಗಳನ್ನು ಮುಟ್ಟುವಂತಿಲ್ಲವಾದುದರಿಂದ ಮನೆಯಲ್ಲಿ ಉಳಿದುದನ್ನೆಲ್ಲ ಇಂದೇ ಕರಗಿಸಿಬಿಡಬೇಕೆಂಬ ಗೃಹಿಣಿಯರ ವಿವೇಕದಿಂದ ಹುಟ್ಟಿದ ಹಬ್ಬ ಅದು. ವ್ರತ ಅಳಿದರೂ ಅದರ ಮುನ್ನಾದಿನದ ಸವಿಯೂಟ ಉಳಿದಿದೆ. ಏಕಾದಶಿಯನ್ನು ಮರೆತು ದ್ವಾದಶಿಯ ಪಾರಣೆಯನ್ನು ಮಾತ್ರ ನೆನಪಿಟ್ಟುಕೊಂಡವರ ಕಥೆಯಂತೆ ಇದು ತೋರುತ್ತದೆ.

ಇಂಗ್ಲೆಂಡಿನಲ್ಲಿ ಉಪವಾಸ ಹೇಗೆ ಅಳಿಯಿತು? ಅಳಿಯದೆ ಉಳಿದ ಕಡೆ ಹೇಗೆ ಉಳಿಯಿತು? ಲಫ್‌ಬರೋ ಆಸುಪಾಸಿನಲ್ಲಿ ಮನೆ ಮಾಡಿರುವ ನಮಗೆ ಈ ಪ್ರಶ್ನೆಗಳು ಕೇವಲ ಪರರ ಚರಿತ್ರೆಯಲ್ಲ. ನಮ್ಮ ತಾಯಂದಿರು ಹಿಡಿದ ಶಿವರಾತ್ರಿಯೂ ಏಕಾದಶಿಯೂ ಸಂಕಷ್ಟಿಯೂ ಇದೇ ನೆಲದಲ್ಲಿ ಇಂದು ಅದೇ ಹಾದಿಯಲ್ಲಿ ನಡೆಯುತ್ತಿವೆ.

ಮೊದಲಿಗೆ ಕ್ರೈಸ್ತ ಉಪವಾಸವೆಂದರೇನೆಂಬುದನ್ನು ನೋಡೋಣ. ಯೇಸುಕ್ರಿಸ್ತನು ಅರಣ್ಯದಲ್ಲಿ ನಲವತ್ತು ದಿನ ನಿರಾಹಾರನಾಗಿದ್ದನೆಂದು ಸುವಾರ್ತೆಗಳು ಹೇಳುತ್ತವೆ. ಉಪವಾಸ ಮಾಡುವಾಗ ಜೋಲುಮೋರೆ ಹಾಕಿಕೊಂಡು ಜನರಿಗೆ ತೋರಿಸಬೇಡಿ, ಮುಖ ತೊಳೆದು ಎಂದಿನಂತಿರಿ ಎಂಬುದು ಆತನ ಬೋಧನೆಯ ಸಾರ. ಮೊದಲನೆಯ ಶತಮಾನದ ಕೊನೆಗೆ ಅಥವಾ ಎರಡನೆಯದರ ಆದಿಯಲ್ಲಿ ರಚಿತವಾದ ದಿದಾಖೆ ಎಂಬ ಕಿರುಗ್ರಂಥವು ಬುಧವಾರ ಮತ್ತು ಶುಕ್ರವಾರಗಳನ್ನು ಉಪವಾಸದ ದಿನಗಳೆಂದು ಗೊತ್ತುಮಾಡಿತು. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ನಾಲ್ಕನೆಯ ಶತಮಾನದಲ್ಲಿ ರೂಢಿಗೊಂಡಿತು. 325ರ ನೈಸಿಯಾ ಮಹಾಸಭೆಯ ನಿಯಮಾವಳಿಯಲ್ಲಿಯೇ ಅದರ ಉಲ್ಲೇಖವಿದೆ.

ಇಲ್ಲಿ ಉಪವಾಸವೆಂದರೆ ನಿರಾಹಾರವಲ್ಲ. ದಿನಕ್ಕೊಂದೇ ಊಟ, ಅದೂ ಹೊತ್ತು ಮೀರಿದ ಮೇಲೆ, ಅದರಲ್ಲಿ ಮಾಂಸವಿಲ್ಲ. ಇದಕ್ಕೆ ನಮ್ಮ ಭಾಷೆಯಲ್ಲಿ 'ಒಪ್ಪೊತ್ತು' ಎಂಬ ಅಚ್ಚುಕಟ್ಟಾದ ಪದವಿರುವಾಗ ಬೇರೆ ವಿವರಣೆ ಬೇಕಾಗದು. ಆ ಒಪ್ಪೊತ್ತಿನ ಊಟದ ವೇಳೆಯ ಇತಿಹಾಸ ಬಲು ರಂಜಕವಾದುದು. ಸೂರ್ಯೋದಯದಿಂದ ಎಣಿಸಿದ ಒಂಬತ್ತನೆಯ ತಾಸು, ಎಂದರೆ ಸರಿಸುಮಾರು ಅಪರಾಹ್ನ ಮೂರು ಗಂಟೆ, ಊಟದ ಸಮಯವಾಗಿತ್ತು. ಲ್ಯಾಟಿನ್ನಿನಲ್ಲಿ ಅದರ ಹೆಸರು 'ನೋನಾ'. ಹಸಿದ ಹೊಟ್ಟೆಯ ಒತ್ತಾಯಕ್ಕೆ ಮಣಿದು ಆ ನೋನಾ ಪ್ರಾರ್ಥನೆಯನ್ನು ಶತಮಾನಗಳುದ್ದಕ್ಕೂ ಹಿಂದೆ ಹಿಂದೆ ಸರಿಸುತ್ತ ಬಂದು ಕೊನೆಗೆ ನಡುಹಗಲಿಗೆ ತಂದು ನಿಲ್ಲಿಸಿದರು. ಇಂಗ್ಲಿಷಿನ 'ನೂನ್' ಎಂಬ ಮಾತು ಹನ್ನೆರಡು ಗಂಟೆಯನ್ನು ಸೂಚಿಸಲು ಇದೇ ಕಾರಣ. ದಣಿದವರಿಗೆಂದು ಸಂಜೆ ತುಸು ಪಾನೀಯ, ಆಮೇಲೆ ಒಂದು ತುಂಡು ರೊಟ್ಟಿ ಎಂದು ಆರಂಭವಾದ ಲಘುವಾದ ತಿಂಡಿಗೆ 'ಕೊಲೇಶನ್' ಎಂದು ಹೆಸರಾಯಿತು. ಆ ಹೊತ್ತಿಗೆ ಮಠಗಳಲ್ಲಿ ಓದುತ್ತಿದ್ದ ಕಾಸಿಯನ್ನನ ಗ್ರಂಥದ ಹೆಸರೇ ತಿಂಡಿಗೆ ಅಂಟಿಕೊಂಡಿತು. ಒಂದು ಬಾಳೆಹಣ್ಣಿನಿಂದ ಆರಂಭವಾದ ಏಕಾದಶಿಯ ಫಲಾಹಾರ ಉಪ್ಪಿಟ್ಟು, ಅವಲಕ್ಕಿ, ಸಜ್ಜಿಗೆಗಳವರೆಗೆ ಬೆಳೆದ ಪರಿಯನ್ನು ಬಲ್ಲ ನಮಗೆ ಈ ಬೆಳವಣಿಗೆ ಆಶ್ಚರ್ಯವನ್ನೇನೂ ಉಂಟುಮಾಡದು.

ಆದರೆ ಈ ಒಪ್ಪೊತ್ತಿಗೆ ಮತ್ತೊಂದು ಮುಖವಿತ್ತು. ನಮ್ಮ ಅಭಿಪ್ರಾಯದಲ್ಲಿ ಅದೇ ಮುಖ್ಯವಾದುದು. ಎರಡನೆಯ ಶತಮಾನದ ರೋಮಿನಲ್ಲಿ ರಚಿತವಾದ ಹೆರ್ಮಸನ ಗ್ರಂಥದಲ್ಲಿ ಒಂದು ನಿಯಮವಿದೆ: ಉಪವಾಸದ ದಿನ ನೀನು ಉಣ್ಣಬಹುದಾಗಿದ್ದ ಊಟದ ಬೆಲೆಯನ್ನು ಲೆಕ್ಕ ಹಾಕಿ ಅಷ್ಟನ್ನು ವಿಧವೆಗೋ ಅನಾಥನಿಗೋ ಕೊಡಬೇಕು. ಅದಕ್ಕೂ ಬಹು ಹಿಂದೆ ಪ್ರವಾದಿ ಯೆಶಾಯನು ಹಸಿದವನಿಗೆ ರೊಟ್ಟಿಯನ್ನು ಹಂಚುವುದೇ ದೇವರು ಮೆಚ್ಚುವ ಉಪವಾಸವೆಂದು ಸಾರಿದ್ದನು. ಬಿಟ್ಟ ಊಟ ಇನ್ನೊಬ್ಬನ ಎಲೆಗೆ ಹೋಗಬೇಕು. ಹೋಗದಿದ್ದರೆ ಅದು ಬರಿಯ ಉಳಿತಾಯ.

ಇಂಗ್ಲೆಂಡಿನಲ್ಲಿ ಮುರಿದುಬಿದ್ದುದು ಈ ಕೊಂಡಿಯೇ. ಹದಿನಾರನೆಯ ಶತಮಾನದಲ್ಲಿ ರೋಮಿನೊಡನೆ ಸಂಬಂಧ ಕಡಿದುಕೊಂಡು ಮಠಗಳನ್ನು ಮುಚ್ಚಿದ ಮೇಲೂ ಉಪವಾಸದ ದಿನಗಳು ಇಲ್ಲಿ ನಿಲ್ಲಲಿಲ್ಲ. 1549ರಲ್ಲಿ ಆರನೆಯ ಎಡ್ವರ್ಡನ ಕಾಲದ ಶಾಸನವೊಂದು ಶುಕ್ರವಾರ, ಶನಿವಾರ ಮತ್ತು ತಪಸ್ಸುಕಾಲದಲ್ಲಿ ಮಾಂಸ ತಿನ್ನಬಾರದೆಂದು ವಿಧಿಸಿತು. 1563ರಲ್ಲಿ ಒಂದನೆಯ ಎಲಿಜಬೆತ್ ರಾಣಿಯ ಮಂತ್ರಿ ವಿಲಿಯಂ ಸೆಸಿಲನು ಬುಧವಾರವನ್ನೂ ಆ ಪಟ್ಟಿಗೆ ಸೇರಿಸಿದನು. ಕಾರಣ? ನೌಕಾಪಡೆ. ಜನ ಮೀನು ತಿಂದರೆ ಬೆಸ್ತರು ಬದುಕುತ್ತಾರೆ. ಬೆಸ್ತರು ಬದುಕಿದರೆ ಯುದ್ಧಕಾಲದಲ್ಲಿ ನಾವಿಕರು ದೊರೆಯುತ್ತಾರೆ. ಆ ದಿನಗಳಲ್ಲಿ ಮಾಂಸ ತಿಂದವನಿಗೆ ಮೂರು ಪೌಂಡ್ ದಂಡ ಅಥವಾ ಮೂರು ತಿಂಗಳ ಸೆರೆವಾಸ. ಅಷ್ಟೇ ಅಲ್ಲ, ಈ ಪಥ್ಯವು ಆತ್ಮದ ಉದ್ಧಾರಕ್ಕೆ ಅವಶ್ಯವೆಂದು ಯಾರಾದರೂ ಬೋಧಿಸಿದರೆ ಅವನನ್ನು ಸುಳ್ಳುಸುದ್ದಿ ಹಬ್ಬಿಸುವವನೆಂದು ಶಿಕ್ಷಿಸಬೇಕೆಂದೂ ಅದೇ ಶಾಸನದಲ್ಲಿ ಬರೆದರು! ಉಪವಾಸ ಮಾಡದಿರುವುದೂ ಅಪರಾಧ, ಅದನ್ನು ದೇವರಿಗಾಗಿ ಮಾಡುತ್ತಿದ್ದೇವೆ ಎನ್ನುವುದೂ ಅಪರಾಧ. ಬುಧವಾರದ ಕಟ್ಟಳೆ 1585ರಲ್ಲಿ ರದ್ದಾಯಿತು. ಉಳಿದ ದಿನಗಳು ಪುಸ್ತಕದಲ್ಲಿ ಉಳಿದು ಅಡುಗೆಮನೆಯಿಂದ ಮರೆಯಾದವು. ಕ್ಯಾಂಟೀನಿನ ಶುಕ್ರವಾರದ ಮೀನು ಆ ಹಳೆಯ ವ್ರತದ ಅಸ್ಥಿಯೆನ್ನಬಹುದು.

ಹದಿನೆಂಟನೆಯ ಶತಮಾನದಲ್ಲಿ ಜಾನ್ ವೆಸ್ಲಿ ಬುಧವಾರ ಮತ್ತು ಶುಕ್ರವಾರದ ಉಪವಾಸವನ್ನು ತನ್ನ ಮೆಥಡಿಸ್ಟ್ ಅನುಯಾಯಿಗಳಲ್ಲಿ ಮತ್ತೆ ಊರಲು ಶ್ರಮಿಸಿದನು. ಅವನ ತರುವಾಯ ಅದು ಬಹಳ ಕಾಲ ನಿಲ್ಲಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಪಾದ್ರಿಗಳು ಶಾಲೆ, ಮುದ್ರಣಾಲಯ, ಆಸ್ಪತ್ರೆಗಳನ್ನು ತಂದರು. ವೆಸ್ಲಿಯ ಬುಧವಾರವನ್ನು ಮಾತ್ರ ತಂದಂತೆ ಕಾಣದು.

ರಾಜಾಜ್ಞೆಯ ಉಪವಾಸದ ಇನ್ನೆರಡು ದಿನಗಳನ್ನು ಭಾರತೀಯರಾದ ನಾವು ನೆನೆಯಲೇಬೇಕು. 1847ರ ಮಾರ್ಚ್ 24ರಂದು ಐರ್ಲೆಂಡಿನ ಕ್ಷಾಮದ ನಿಮಿತ್ತ ವಿಕ್ಟೋರಿಯಾ ರಾಣಿಯ ಘೋಷಣೆಯಂತೆ ರಾಜ್ಯವೆಲ್ಲ ಉಪವಾಸ ಆಚರಿಸಿತು. ಉಂಡವರು ಒಂದು ದಿನ ಉಪವಾಸವಿದ್ದರು. ಐರ್ಲೆಂಡಿನ ಬಡವರಿಗೆ ಉಪವಾಸವಿರಲು ಘೋಷಣೆಯ ಅಗತ್ಯವಿರಲಿಲ್ಲ. ಎರಡನೆಯದು 1857ರ ಅಕ್ಟೋಬರ್ 7, ಬುಧವಾರ. ಭಾರತದ ದಂಗೆಯನ್ನಡಗಿಸಲು ದೇವರ ನೆರವು ಕೋರಿ ಘೋಷಿಸಿದ ದಿನ ಅದು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸ್ಪರ್ಜನ್ ಎಂಬ ಇಪ್ಪತ್ಮೂರು ವರ್ಷದ ಬೋಧಕನು ಮಾಡಿದ ಉಪದೇಶವನ್ನು ಕೇಳಲು 23,654 ಮಂದಿ ನೆರೆದಿದ್ದರೆಂದು ದಾಖಲೆಯಿದೆ. ಮುಂದಿನ ತಿಂಗಳ ಕೊನೆಯಲ್ಲಿಯೇ ನಮ್ಮ ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿದ ಬೇಡರ ಮೇಲೆ ಕಂಪೆನಿಯ ಸೈನ್ಯ ಎರಗಿ ಊರನ್ನು ಸುಟ್ಟಿತು. ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿತು. ಆ ಉಪವಾಸಕ್ಕೂ ಈ ಬೆಂಕಿಗೂ ನೇರವಾದ ನಂಟಿದೆಯೆಂದು ನಾವು ಹೇಳುತ್ತಿಲ್ಲ. ಆದರೆ ಪರರ ಎಲೆಗೆ ಅನ್ನ ಬಡಿಸಲೆಂದು ಹುಟ್ಟಿದ ವ್ರತವು ಸಾಮ್ರಾಜ್ಯದ ಆಯುಧಪೂಜೆಯಾಗಿ ಮಾರ್ಪಟ್ಟುದನ್ನು ಗಮನಿಸದೆ ಮುಂದೆ ಸಾಗಲಾಗದು. ಅನಂತರ ಇಂಥ ಘೋಷಣೆಯ ಉಪವಾಸಗಳು ಇಲ್ಲಿ ನಿಂತುಹೋದವು. 1876ರಿಂದ 1878ರವರೆಗಿನ ಬರದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಹೇಗೆ ಕುಸಿಯಿತೆಂಬುದನ್ನು ಖಾನೇಷುಮಾರಿ ಹೇಳುತ್ತದೆ: 1871ರಲ್ಲಿ ಐವತ್ತು ಲಕ್ಷ ದಾಟಿದ್ದುದು 1881ರಲ್ಲಿ ಸುಮಾರು ನಲವತ್ತೆರಡು ಲಕ್ಷ. ಹಸಿವೆಗೂ ಉಪವಾಸಕ್ಕೂ ಇರುವ ಅಂತರವನ್ನು ಆ ಅಂಕೆಗಳಿಗಿಂತ ಚೆನ್ನಾಗಿ ನಾವು ಹೇಳಲಾರೆವು.

ರಾಜಾಜ್ಞೆಯ ಉಪವಾಸ ಹೀಗೆ ಸೊರಗುತ್ತಿದ್ದ ಕಾಲದಲ್ಲಿಯೇ ಅದರ ಹಳೆಯ ರೂಪವೊಂದು ನಮ್ಮ ಲಫ್‌ಬರೋವಿನ ಹಿತ್ತಿಲಲ್ಲಿ ಮರಳಿ ಚಿಗುರಿತು. ಊರಿನಿಂದ ನೈಋತ್ಯಕ್ಕೆ ಕೆಲವೇ ಮೈಲಿ ದೂರದಲ್ಲಿ, ಚಾರ್ನ್‌ವುಡ್ ಅರಣ್ಯದ ಕಲ್ಲುಬಂಡೆಗಳ ನಡುವೆ ಮೌಂಟ್ ಸೇಂಟ್ ಬರ್ನಾರ್ಡ್ ಮಠವಿದೆ. ಬಹು ಮಂದಿ ಸದಸ್ಯರು ರಜಾದಿನಗಳಲ್ಲಿ ಆ ಕಡೆ ವಾಯುವಿಹಾರಕ್ಕೆ ಹೋಗಿರಬಹುದು. ಗ್ರೇಸ್ ಡ್ಯೂ ಜಹಗೀರಿನ ಮನೆತನಕ್ಕೆ ಸೇರಿದ ಆಂಬ್ರೋಸ್ ಫಿಲಿಪ್ಸ್ ತರುಣನಾಗಿದ್ದಾಗಲೇ ಕಥೋಲಿಕನಾದವನು. ಅವನು ಇಲ್ಲಿನ ಪಾಳುಭೂಮಿಯನ್ನು ಕೊಂಡು 1835ರಲ್ಲಿ ಸಿಸ್ಟರ್ಷಿಯನ್ ಸನ್ಯಾಸಿಗಳಿಗೆ ಕೊಟ್ಟನು. ಧರ್ಮಸುಧಾರಣೆಯ ಕಾಲದಲ್ಲಿ ಮಠಗಳೆಲ್ಲ ಮುಚ್ಚಿದ ಮೇಲೆ ಇಂಗ್ಲೆಂಡಿನಲ್ಲಿ ಹೊಸದಾಗಿ ಸ್ಥಾಪನೆಗೊಂಡು ಶಾಶ್ವತವಾಗಿ ನಿಂತ ಮೊದಲ ಮಠ ಇದು. ಕಟ್ಟಡದ ನಕ್ಷೆ ಬ್ರಿಟಿಷ್ ಪಾರ್ಲಿಮೆಂಟಿನ ಅಲಂಕರಣಕ್ಕೆ ಪ್ರಸಿದ್ಧನಾದ ಪ್ಯೂಜಿನ್ನನದು. 1848ರಲ್ಲಿ ಇದು ಪೂರ್ಣ ಮಠದ ಪದವಿಯನ್ನು ಪಡೆಯಿತು.

ಈ ಸನ್ಯಾಸಿಗಳು ಅನುಸರಿಸುವುದು ಆರನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟನು ಬರೆದ ನಿಯಮಾವಳಿಯನ್ನು. ಅದರ ಪ್ರಕಾರ ಈಸ್ಟರಿನಿಂದ ಪೆಂತೆಕೊಸ್ತಿನವರೆಗೆ ಎರಡು ಊಟ. ಬೇಸಗೆಯಲ್ಲಿ ಬುಧವಾರ ಮತ್ತು ಶುಕ್ರವಾರ ಮಾತ್ರ ಒಪ್ಪೊತ್ತು. ಹೊಲದ ಕೆಲಸ ಕಠಿಣವಾಗಿದ್ದರೆ ಅಥವಾ ಸೆಖೆ ಹೆಚ್ಚಿದ್ದರೆ ಅದೂ ಬೇಡ. ಸೆಪ್ಟೆಂಬರ್ ನಡುವಿನಿಂದ ತಪಸ್ಸುಕಾಲದವರೆಗೆ ಒಂಬತ್ತನೆಯ ತಾಸಿಗೆ ಒಂದೇ ಊಟ. ತಪಸ್ಸುಕಾಲದಲ್ಲಿ ಅದನ್ನೂ ಸಂಜೆಯ ಪ್ರಾರ್ಥನೆಯ ತನಕ ಮುಂದೂಡಬೇಕು, ಆದರೆ ದೀಪ ಹಚ್ಚುವ ಮೊದಲೇ ಉಂಡು ಮುಗಿಸಬೇಕು. ಈ ಕೊನೆಯ ಮಾತು ನಮ್ಮ ಜೈನ ನೆರೆಹೊರೆಯವರ ರಾತ್ರಿಭೋಜನ ತ್ಯಾಗವನ್ನು ನೆನಪಿಗೆ ತರುತ್ತದೆ. ಉದ್ದೇಶ ಬೇರೆ, ಗಡಿಯಾರ ಒಂದೇ.

ವೈದ್ಯರಾದ ನಮ್ಮನ್ನು ಸೆಳೆದುದು ಆ ನಿಯಮಾವಳಿಯ ಕಾಠಿಣ್ಯಕ್ಕಿಂತ ಅದರಲ್ಲಿರುವ ರಿಯಾಯಿತಿಗಳು. ಪ್ರತಿ ಊಟಕ್ಕೆ ಎರಡು ಬೇಯಿಸಿದ ಪದಾರ್ಥಗಳಿರಬೇಕಂತೆ. ಏಕೆಂದರೆ ದುರ್ಬಲನೊಬ್ಬನಿಗೆ ಒಂದು ಸೇರದಿದ್ದರೆ ಇನ್ನೊಂದನ್ನಾದರೂ ಉಣ್ಣಲಿ. ನಾಲ್ಕು ಕಾಲಿನ ಪ್ರಾಣಿಯ ಮಾಂಸ ಎಲ್ಲರಿಗೂ ನಿಷಿದ್ಧ, ತೀರ ನಿತ್ರಾಣನಾದ ರೋಗಿಗೆ ಹೊರತು. ಮುದುಕರಿಗೂ ಬಾಲಕರಿಗೂ ಹೊತ್ತಿಗೆ ಮುಂಚೆಯೇ ಊಟ. ರೋಗಿಯ ಸೇವೆ ಎಲ್ಲ ಕರ್ತವ್ಯಗಳಿಗಿಂತ ಮೊದಲು. ಸಾವಿರದ ಐನೂರು ವರ್ಷಗಳ ಹಿಂದೆ ಬರೆದ ಈ ಪುಟಗಳನ್ನು ಇಂದಿನ ವಾರ್ಡಿನ ಗೋಡೆಗೆ ಅಂಟಿಸಿದರೂ ಅನುಚಿತವೆನಿಸದು.

ಈ ಮಠದಲ್ಲಿ ನಮ್ಮಂತೆಯೇ ಕಡಲು ದಾಟಿ ಬಂದವರೊಬ್ಬರು ಹದಿನಾಲ್ಕು ಚಳಿಗಾಲಗಳನ್ನು ಕಳೆದರು. ನೈಜೀರಿಯಾದಲ್ಲಿ 1903ರಲ್ಲಿ ಜನಿಸಿದ ಸಿಪ್ರಿಯನ್ ತಾನ್ಸಿ ಅಲ್ಲಿ ಪಾದ್ರಿಯಾಗಿದ್ದು 1950ರಲ್ಲಿ ಇಲ್ಲಿ ಸನ್ಯಾಸಿಯಾಗಲು ಬಂದರು. ಬಿಸಿಲ ನಾಡಿನ ಮನುಷ್ಯ, ಲೆಸ್ಟರ್‌ಶೈರಿನ ಚಳಿ, ಮಠದ ಮಿತಾಹಾರ; ಊಹಿಸಿಕೊಳ್ಳಬಹುದು. 1963ರಲ್ಲಿ ಮಠವು ಆಫ್ರಿಕಾದ ಕ್ಯಾಮರೂನಿನಲ್ಲಿ ಶಾಖೆ ತೆರೆದಾಗ ಅನಾರೋಗ್ಯದ ದೆಸೆಯಿಂದ ಅವರು ಹೋಗಲಾಗಲಿಲ್ಲ. 1964ರ ಜನವರಿ 20ರಂದು ಲೆಸ್ಟರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. 1998ರ ಮಾರ್ಚಿನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ನೈಜೀರಿಯಾಕ್ಕೆ ತೆರಳಿ ಅವರನ್ನು ಪುನೀತರ ಸಾಲಿಗೆ ಸೇರಿಸಿದರು. ಊರಿಗೆ ಹಿಂದಿರುಗಬೇಕೆಂದಿದ್ದು ಹಿಂದಿರುಗಲಾಗದವರ ಕಥೆ ನಮ್ಮ ಬಳಗಕ್ಕೆ ಹೊಸದಲ್ಲ.

ಇನ್ನು ನಮ್ಮ ನಾಡಿನ ಕಡೆ ತಿರುಗೋಣ. ಇಂಗ್ಲೆಂಡಿನಲ್ಲಿ ಉಪವಾಸ ಕಾನೂನಾಗಿ ಒಣಗಿದರೆ ಕನ್ನಡ ನೆಲದಲ್ಲಿ ಅದು ಸ್ಥಳೀಯ ಅಡುಗೆಮನೆಯೊಡನೆ ಬೆರೆಯಿತು. ಮಧುರೆಗೆ 1606ರಲ್ಲಿ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ರೊಬೆರ್ತೊ ದೆ ನೊಬಿಲಿ ಕಾವಿಯನ್ನುಟ್ಟು, ಮಾಂಸ ಮದ್ಯಗಳನ್ನು ತೊರೆದು, ಅನ್ನ ತರಕಾರಿಗಳ ಒಪ್ಪೊತ್ತಿನಲ್ಲಿ ಬದುಕಿದನು. ಅದೇ ಮಾರ್ಗವನ್ನು ಹಿಡಿದ ನೇಪಲ್ಸಿನ ಲಿಯೊನಾರ್ದೊ ಚಿನ್ನಾಮಿ ಸುಮಾರು 1648-49ರಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದನು. ಕನ್ನಡ ಕಲಿತು ಧರ್ಮಬೋಧೆಯ ಪುಸ್ತಕವನ್ನೂ ವ್ಯಾಕರಣವನ್ನೂ ರಚಿಸಿದನು. ಯುರೋಪಿನಲ್ಲಿ ಶುಕ್ರವಾರಕ್ಕೆ ಮೀಸಲಾಗಿದ್ದ ಮಾಂಸವರ್ಜನೆ ಇಲ್ಲಿ ಇವರ ನಿತ್ಯದ ನೇಮವಾಯಿತು. ಇದು ಭಕ್ತಿಯೋ ತಂತ್ರವೋ ಎಂಬ ವಾಗ್ವಾದ ಅಂದೇ ಎದ್ದು ರೋಮಿನವರೆಗೆ ಹೋಯಿತು. 1623ರಲ್ಲಿ ಪೋಪರು ದೆ ನೊಬಿಲಿಯ ಪದ್ಧತಿಗೆ ಬಹುಮಟ್ಟಿಗೆ ಅನುಮತಿಯಿತ್ತರು. ಎರಡೂ ಇದ್ದಿರಬೇಕೆಂದು ನಮ್ಮ ಎಣಿಕೆ. ವರ್ಷಗಟ್ಟಲೆ ದಿನಕ್ಕೊಂದೇ ಊಟದಲ್ಲಿ ಬದುಕಿದವನನ್ನು ಬರಿಯ ತಂತ್ರಗಾರನೆನ್ನುವುದು ಕಷ್ಟ.

ಇದಕ್ಕೆ ತೀರ ವಿರುದ್ಧವಾದುದು ಗೋವೆಯ ನಡೆ. 1736ರಲ್ಲಿ ಅಲ್ಲಿನ ಇನ್‌ಕ್ವಿಸಿಷನ್ ಹೊರಡಿಸಿದ ಆಜ್ಞೆಯು ಹಿಂದೂಗಳಂತೆ ಉಪ್ಪಿಲ್ಲದೆ ಅನ್ನ ಬೇಯಿಸಿ ಆಮೇಲೆ ಉಪ್ಪು ಬೆರೆಸುವುದನ್ನೂ ಕ್ರೈಸ್ತರಿಗೆ ನಿಷೇಧಿಸಿತು. ಎಲಿಜಬೆತ್ ರಾಣಿ ಮೀನಿನ ಲೆಕ್ಕವಿಟ್ಟರೆ ಇವರು ಉಪ್ಪಿನ ಲೆಕ್ಕವಿಟ್ಟರು. ಗೋವೆಯಿಂದ ಯುದ್ಧ, ಕ್ಷಾಮ, ಇನ್‌ಕ್ವಿಸಿಷನ್ ಮೊದಲಾದ ಕಾರಣಗಳಿಂದ ತಂಡತಂಡವಾಗಿ ಕೆನರಾಕ್ಕೆ ಬಂದು ಕೆಳದಿ ಅರಸರ ಆಶ್ರಯದಲ್ಲಿ ಗದ್ದೆ ಮಾಡಿದ ಕೊಂಕಣಿ ಕ್ರೈಸ್ತರು ತಮ್ಮ ಹಳೆಯ ಪದ್ಧತಿಗಳಲ್ಲಿ ಹಲವನ್ನು ಬಿಡಲಿಲ್ಲ. ಇವರ ಚರಿತ್ರೆಯಲ್ಲಿಯೂ ಒಂದು ಬಲವಂತದ ಹಸಿವೆಯಿದೆ. ಟಿಪ್ಪು ಸುಲ್ತಾನನು ಇವರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದುದು 1784ರ ಬೂದಿ ಬುಧವಾರ, ಎಂದರೆ ತಪಸ್ಸುಕಾಲದ ಮೊದಲ ದಿನ, ಎಂಬುದು ಆ ಸಮುದಾಯದ ನೆನಪು. ಸೆರೆಸಿಕ್ಕವರ ಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹಳ ಜನ ಸತ್ತುದು ನಿಜ. ಬದುಕಿ ಉಳಿದವರು 1799ರ ಅನಂತರ ಮರಳಿ ಬಂದು ಹಾಳಾದ ಗದ್ದೆಗಳನ್ನು ಮತ್ತೆ ಉತ್ತರು.

ಆ ಗದ್ದೆಯ ಹಬ್ಬವೇ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆಹಬ್ಬ. ಮರಿಯಮ್ಮನವರ ಜನ್ಮದಿನ. ಒಂಬತ್ತು ದಿನ ಮಕ್ಕಳು ಹೂಗಳನ್ನು ತಂದು ಅರ್ಪಿಸುತ್ತಾರೆ. ಕೊನೆಯ ದಿನ ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕಾಳುಗಳನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಮೀನಿಲ್ಲದೆ ಅನ್ನವಿಳಿಯದ ಕರಾವಳಿಯ ಮನೆಗಳಲ್ಲಿ ಅಂದು ಮೀನೂ ಇಲ್ಲ, ಮಾಂಸವೂ ಇಲ್ಲ. ಹೀರೆ, ಬೆಂಡೆ, ಅಲಸಂಡೆ, ಕೆಸುವಿನ ದಂಟು ಎಂದು ತರಕಾರಿಗಳ ಅಡುಗೆ, ಅದೂ ಮೂರು, ಐದು, ಏಳು, ಒಂಬತ್ತು ಎಂಬ ಬೆಸಸಂಖ್ಯೆಯಲ್ಲಿ. ಇದು ಉಪವಾಸವಲ್ಲ, ಹಬ್ಬ. ಆದರೂ ಇದನ್ನು ಇಲ್ಲಿ ಹೇಳಲು ಕಾರಣವಿದೆ. ಮಾಂಸವರ್ಜನೆ ರೋಮಿನ ಪಂಚಾಂಗದಲ್ಲಿ ಪಶ್ಚಾತ್ತಾಪದ ಗುರುತು. ಮಂಗಳೂರಿನಲ್ಲಿ ಅದು ನಮ್ಮ ನಾಡಿನ ವಾಡಿಕೆಯಂತೆ ಮಂಗಳದ ಗುರುತಾಯಿತು. ಈ ಅರ್ಥವನ್ನು ಯಾವ ಶಾಸನವೂ ಕೊಡಲಿಲ್ಲ. ಒಂದೇ ಮನೆಯವರು ಒಟ್ಟಿಗೆ ಕುಳಿತು ಬಾಳೆಯೆಲೆಯ ಮೇಲೆ ಉಂಡುದರಿಂದ ಅದು ತಾನಾಗಿಯೇ ಬಂದಿತು.

ಇಪ್ಪತ್ತನೆಯ ಶತಮಾನದಲ್ಲಿ ರೋಮ್ ತಾನೇ ನಿಯಮಗಳನ್ನು ಸಡಿಲಿಸಿತು. 1966ರ ಫೆಬ್ರವರಿಯಲ್ಲಿ ಪೋಪ್ ಆರನೆಯ ಪಾಲ್ ಹೊರಡಿಸಿದ ಆಜ್ಞೆಯ ಮೇರೆಗೆ ಕಡ್ಡಾಯದ ಉಪವಾಸ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎಂಬ ಎರಡೇ ದಿನಗಳಿಗೆ ಇಳಿಯಿತು. ಇಂಗ್ಲೆಂಡ್ ಮತ್ತು ವೇಲ್ಸಿನ ಬಿಷಪ್ಪರು ಶುಕ್ರವಾರದ ಮಾಂಸವರ್ಜನೆಯನ್ನು ಬಿಟ್ಟುಕೊಟ್ಟಿದ್ದವರು 2011ರ ಸೆಪ್ಟೆಂಬರ್ 16ರಿಂದ ಮರಳಿ ತಂದರು. ಕಾಲು ಶತಮಾನದಲ್ಲಿ ತಪ್ಪಿದ ಅಭ್ಯಾಸ ಸುತ್ತೋಲೆಯಿಂದ ಎಷ್ಟರಮಟ್ಟಿಗೆ ಮರಳೀತೆಂಬುದರಲ್ಲಿ ನಮಗೆ ಸಂದೇಹವಿದೆ. ಉಪವಾಸದ ಕಟ್ಟಳೆ ಇಂದು ಹದಿನೆಂಟು ತುಂಬಿದವರಿಗೆ, ಐವತ್ತೊಂಬತ್ತು ತುಂಬುವವರೆಗೆ. ರೋಗಿಗಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಅದರಿಂದ ಮುಕ್ತರು.

ಈ ವಯೋಮಿತಿಯನ್ನು ನಮ್ಮ ಬಳಗದ ಹಿರಿಯರು ಕಿವಿಗೊಟ್ಟು ಕೇಳಬೇಕು. ಆರೋಗ್ಯವಂತನ ಯಕೃತ್ತಿನಲ್ಲಿ ಶೇಖರವಾದ ಸಕ್ಕರೆಯ ದಾಸ್ತಾನು ಸುಮಾರು ಒಂದು ದಿನಕ್ಕೆ ಸಾಲುತ್ತದೆ. ಮುಗಿದ ಮೇಲೆ ದೇಹವು ಕೊಬ್ಬನ್ನು ಕರಗಿಸಿಕೊಳ್ಳುತ್ತದೆ. ಒಪ್ಪೊತ್ತು ಅವನಿಗೆ ಏನೂ ಅಲ್ಲ. ಆದರೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಕ್ಲಜೈಡಿನಂಥ ಮಾತ್ರೆ ನುಂಗುವವರು ಊಟ ಬಿಟ್ಟು ಮದ್ದು ಬಿಡದಿದ್ದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ವೈದ್ಯರನ್ನು ಕೇಳದೆ ಮದ್ದನ್ನೂ ಬಿಟ್ಟರೆ ಬೇರೆ ಅಪಾಯ. ರಂಜಾನ್ ತಿಂಗಳಿಗೆ ಮುಂಚೆ ಮುಸಲ್ಮಾನ ರೋಗಿಗಳನ್ನು ಈ ಬಗ್ಗೆ ವಿಚಾರಿಸುವ ಅಭ್ಯಾಸ ಇಲ್ಲಿನ ವೈದ್ಯರಲ್ಲಿ ಬೇರೂರಿದೆ. ಏಕಾದಶಿಯ ಅಜ್ಜಿಯನ್ನಾಗಲಿ ತಪಸ್ಸುಕಾಲದ ಮಂಗಳೂರಿನ ಅಜ್ಜನನ್ನಾಗಲಿ ವಿಚಾರಿಸುವವರು ವಿರಳ. ಇವರು ತಾವಾಗಿ ಹೇಳುವುದೂ ಇಲ್ಲ. ವ್ರತವನ್ನು ಹೇಳಿಕೊಂಡರೆ ಪುಣ್ಯ ಕರಗೀತೆಂಬ ಅಂಜಿಕೆ ಇಬ್ಬರಲ್ಲಿಯೂ ಇದೆ. ಜೋಲುಮೋರೆ ಬೇಡವೆಂದ ಕ್ರಿಸ್ತನ ಮಾತಿಗೂ ಬೆನೆಡಿಕ್ಟನು ರೋಗಿಗೆಂದು ಇಟ್ಟ ಊಟಕ್ಕೂ ವಿರೋಧವಿಲ್ಲವೆಂದು ಅವರಿಗೆ ತಿಳಿಹೇಳಬೇಕಾದವರು ಮನೆಯ ಮಕ್ಕಳು. ಮುಂದಿನ ಬಾರಿ ತಂದೆತಾಯಿಗಳನ್ನು ಸರ್ಜರಿಗೆ ಕರೆದೊಯ್ಯುವಾಗ ಮಾತ್ರೆಗಳ ಪಟ್ಟಿಯ ಜೊತೆಗೆ ಅವರು ಉಣ್ಣದ ದಿನಗಳ ಪಟ್ಟಿಯನ್ನೂ ಒಯ್ಯಿರಿ.